ದಾಖಲೆಯಲ್ಲಿಲ್ಲದ ಭುಜ

ಜನವರಿ 9

ಪುಟ್ಟೀ,

ತರಬೇತಿ ಮುಗಿಯುವ ತನಕ ನಿಮ್ಮ ಫೋನುಗಳನ್ನೆಲ್ಲ ಕಿತ್ತಿಟ್ಟುಕೊಂಡಿದ್ದಾರೆ ಅಂತ ನಿಮ್ಮಮ್ಮ ಎರಡು ದಿನದಿಂದ ಮುಖ ಗಂಟು ಹಾಕಿಕೊಂಡು ಕೂತಿದ್ದಾಳೆ. ನನಗೆ ಮಾತ್ರ ಒಳಗೊಳಗೇ ಖುಷಿ. ಇನ್ನು ನಾಲ್ಕು ತಿಂಗಳು ನೀನು ಕಾಗದ ಬರೆಯಲೇಬೇಕು. ಬೋರ್ಡು ಬರೆಯುವವನ ಮಗಳ ಅಕ್ಷರ ಹೇಗಿದೆ ಅಂತ ನೋಡೋಣ.

ಪಿಂಚಣಿ ಕಚೇರಿಯಿಂದ ಉತ್ತರ ಬಂತು. ಇಲ್ಲ ಅಂದಿದ್ದಾರೆ. ಒಂದೂವರೆ ವರ್ಷ ಕಾದದ್ದಕ್ಕೆ ಒಂದೂವರೆ ಸಾಲು: "ಅರ್ಜಿದಾರರ ಬಲ ಭುಜದ ಊನವು ಸೇನಾ ಸೇವೆಯ ಅವಧಿಯಲ್ಲಿ ಉಂಟಾದದ್ದೆಂಬುದಕ್ಕೆ ದಾಖಲೆ ಲಭ್ಯವಿಲ್ಲ." ಭುಜ ನೆಟ್ಟಗಿದೆ ಅಂತ ಅವರೂ ಹೇಳಿಲ್ಲ ನೋಡು. ಕೆಟ್ಟಿದೆ, ಆದರೆ ನಮ್ಮ ಮನೆಯಲ್ಲಿ ಕೆಟ್ಟದ್ದಲ್ಲ ಅಂತ.

ಕಚೇರಿಗೆ ಹೋಗಿ ಕೇಳಿದೆ. ಗಾಜಿನ ಹಿಂದೆ ಕೂತಿದ್ದ ಹೆಂಗಸು ಒಳ್ಳೆಯವಳು, ನನ್ನ ಕಡತವನ್ನೇ ತೆಗೆದು ತೋರಿಸಿದಳು. ಹದಿನೇಳು ವರ್ಷದ ಸೇವೆಗೆ ಮೂರು ನಮೂದು. ಜ್ವರ ಎರಡು ಸಲ, ಹಲ್ಲು ಒಂದು ಸಲ. "ಹಲ್ಲು ಕೀಳಿಸಿಕೊಂಡದ್ದು ಕೂಡ ಬರೆಸಿದ್ದೀರಲ್ಲ ಸಾರ್, ಭುಜ ಯಾಕೆ ಬರೆಸಲಿಲ್ಲ?" ಅಂತ ಕೇಳಿದಳು. ಹಲ್ಲು ನೋಯುತ್ತಿತ್ತಮ್ಮಾ ಅಂದೆ. ಅವಳು ನಗಲಿಲ್ಲ.

ಕೆಲಸ ಅಷ್ಟಕ್ಕಷ್ಟೇ. ಏಣಿ ಹತ್ತಿ ತಲೆಯ ಮೇಲೆ ಕೈ ಎತ್ತಿ ಬರೆಯೋದು ಇನ್ನು ಆಗದ ಮಾತು. ಹೋದ ತಿಂಗಳು ಮೂಲೆಯ ಔಷಧಿ ಅಂಗಡಿಯ ಬೋರ್ಡು ಅರ್ಧಕ್ಕೇ ಬಿಟ್ಟು ಇಳಿದೆ. ಉಳಿದದ್ದನ್ನು ಬೇರೆಯವನಿಂದ ಬರೆಸಿದ್ದಾರೆ. ಈಗ ಅದರಲ್ಲಿ "ಔಷ" ನನ್ನದು, "ಧಿ" ಅವನದು. ಆ ದಾರಿಯಲ್ಲಿ ಹೋಗೋದನ್ನೇ ಬಿಟ್ಟಿದ್ದೇನೆ. ಕೂತು ಮಾಡುವ ಕೆಲಸ ಅಂದರೆ ಗಾಡಿಗಳ ನಂಬರ್ ಪ್ಲೇಟು, ಅಷ್ಟೇ.

ಮೇಲ್ಮನವಿಗೆ ತೊಂಬತ್ತು ದಿನ ಕೊಟ್ಟಿದ್ದಾರೆ. ಕಾಗದ ಇಲ್ಲದಿದ್ದರೆ ಕಣ್ಣಾರೆ ಕಂಡವರ ಹೇಳಿಕೆ ಆದರೂ ಬೇಕಂತೆ. ನಮ್ಮ ತುಕಡಿಯ ನಾಯಕ ಒಬ್ಬರಿದ್ದರು, ದೊಡ್ಡಣ್ಣ ಅಂತ ಕರೆಯುತ್ತಿದ್ದೆವು. ಅವರನ್ನು ಹುಡುಕುತ್ತಿದ್ದೇನೆ.

ಚಳಿಗೆ ಕಾಲುಚೀಲ ಎರಡೆರಡು ಹಾಕಿಕೋ.

ಇಂತಿ,
ಅಪ್ಪ


ಜನವರಿ 28

ಅಪ್ಪ,

ಅಕ್ಷರ ನೋಡಿ ಬೈಯಬೇಡಿ, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಬರೀತಿದೀನಿ. ಇಲ್ಲಿ ಬೆಳಗ್ಗೆ ಐದಕ್ಕೆ ಶುರುವಾದರೆ ಸಂಜೆ ತನಕ ಹಗ್ಗ, ಹಗ್ಗ, ಹಗ್ಗ. ಕಡಿದಾದ ಬಂಡೆ ಮೇಲಿಂದ ಗಾಯಗೊಂಡವರನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯಬೇಕು. ಸದ್ಯಕ್ಕೆ ಗಾಯಗೊಂಡವರು ಅಂದರೆ ಮರಳು ತುಂಬಿದ ಬೊಂಬೆ. ಎಪ್ಪತ್ತು ಕಿಲೋ ಇದೆ ಅದು, ಒಂದು ಮಾತೂ ಆಡಲ್ಲ, ನಿಮ್ಮ ಥರಾನೇ.

ಇಪ್ಪತ್ತೆರಡು ಜನ ಇದೀವಿ, ತಗೊಳ್ಳೋದು ನಾಲ್ಕೇ ಜನರನ್ನ. ಹೆಂಗಸರು ಇಬ್ಬರೇ. ನಾನು, ಮತ್ತೆ ನನ್ನ ಕೋಣೆಯವಳು. ಅವಳನ್ನ ಎಲ್ಲರೂ ಏಣಿ ಅಂತಾರೆ, ಅಷ್ಟು ಎತ್ತರ. ಬಂಡೆ ಹತ್ತೋದರಲ್ಲಿ ಅವಳೇ ಮೊದಲು. ಎರಡನೆಯವಳು ಯಾರು ಅಂತ ನಾನು ಹೇಳಲ್ಲ. ಈ ವರ್ಷ ಬಿಟ್ಟರೆ ನನಗೆ ವಯಸ್ಸು ಮೀರುತ್ತೆ, ಗೊತ್ತಲ್ಲ. ಹಾಗಾಗಿ ಆಗಲೇಬೇಕು.

ಕಚೇರಿಯವರ ಮಾತು ಕೇಳಿ ಹೊಟ್ಟೆ ಉರಿಯಿತು. ಆದರೆ ಆ ಹೆಂಗಸು ಕೇಳಿದ್ದನ್ನೇ ನಾನೂ ಕೇಳ್ತೀನಿ. ಆವತ್ತು ಯಾಕಪ್ಪ ಹೇಳಲಿಲ್ಲ? ಇಷ್ಟು ವರ್ಷ ಅಮ್ಮ ನಿಮ್ಮ ಅಂಗಿಯ ಗುಂಡಿ ಹಾಕೋದನ್ನ ನೋಡ್ತಾ ಬೆಳೆದಿದೀನಿ, ಭುಜಕ್ಕೆ ಏನಾಯಿತು ಅಂತ ಒಂದು ಸಲವೂ ನೀವು ಹೇಳಿಲ್ಲ.

ಅಮ್ಮನಿಗೆ ಹೇಳಿ, ಊಟ ಚೆನ್ನಾಗಿದೆ. (ಇಲ್ಲ.)

ನಿಮ್ಮ
ಪುಟ್ಟಿ


ಫೆಬ್ರವರಿ 15

ಪುಟ್ಟೀ,

ಕೇಳಿದ್ದೀಯ, ಹೇಳುತ್ತೇನೆ. ದೊಡ್ಡ ಸಾಹಸ ಏನಲ್ಲ, ಕೇಳಿ ಬೇಜಾರಾಗಬೇಡ.

ನಾವು ಆರು ಜನ ಒಂದು ಮೋರ್ಟಾರ್ ತೋಪು ಹೊರುತ್ತಿದ್ದೆವು. ಕೊಳವೆ ಒಬ್ಬ, ಕಾಲು ಒಬ್ಬ, ಕೊಳವೆಯ ಬುಡಕ್ಕೆ ಇಡುವ ಕಬ್ಬಿಣದ ತಟ್ಟೆ ಒಬ್ಬ, ಉಳಿದವರು ಗುಂಡುಗಳು. ತಟ್ಟೆ ನನ್ನದಲ್ಲ. ಒಂದು ಹಳ್ಳ ದಾಟುವಾಗ ತಟ್ಟೆಯವನು ಕಾಲು ಜಾರಿದ. ತಟ್ಟೆ ನೀರಿಗೆ ಬೀಳುತ್ತಿತ್ತು, ನಾನು ಒಂದೇ ಕೈಯಲ್ಲಿ ಹಿಡಿದೆ. ತಟ್ಟೆ ನಿಂತಿತು. ಭುಜದೊಳಗೆ ಹಳೇ ಬಟ್ಟೆ ಹರಿದ ಹಾಗೆ ಸದ್ದಾಯಿತು. ಅಷ್ಟೇ ಕಥೆ.

ದೊಡ್ಡಣ್ಣ ಹತ್ತಿರ ಬಂದು ಕೇಳಿದರು: "ಡಾಕ್ಟರ ಡೇರೆ ಹಿಂದಕ್ಕೆ ಎರಡು ದಿನದ ದಾರಿ. ಹೋಗ್ತೀಯೋ, ನಡೀತೀಯೋ?" ಹೋದರೆ ನನ್ನ ಹೊರೆಯನ್ನು ಬೇರೆಯವರು ಹೊರಬೇಕು. ನಡೀತೀನಿ ಅಂದೆ. ಕೈಯನ್ನು ಎದೆಗೆ ಬೆಲ್ಟಿನಿಂದ ಬಿಗಿದರು. ಹನ್ನೊಂದು ದಿನ ನಡೆದೆ. ವಾಪಸು ಬಂದಾಗ ನೋವು ಕಮ್ಮಿಯಾಗಿತ್ತು. ಕಮ್ಮಿಯಾದ ನೋವನ್ನು ಹೇಳಿಕೊಂಡು ಹೋದರೆ ಮೈಗಳ್ಳ ಅಂತಾರೆ. ಸುಮ್ಮನಾದೆ. ಆಗ ನೀನು ನಾಲ್ಕು ವರ್ಷದವಳು.

ಹೋದ ಭಾನುವಾರ ದೊಡ್ಡಣ್ಣನ ಮನೆ ಸಿಕ್ಕಿತು. ಮಗಳ ಜೊತೆ ಇದ್ದಾರೆ, ಮೂರನೇ ಮಹಡಿ. ಬಾಗಿಲು ತೆಗೆದದ್ದೇ ನನ್ನ ಹೆಸರು ಹಿಡಿದು ಕೂಗಿದರು. ಆ ಹಳ್ಳ ನೆನಪಿದೆ, ನೀರಿನ ಚಳಿ ನೆನಪಿದೆ, ಕಾಲು ಜಾರಿದವನು ಯಾರೆಂಬುದೂ ನೆನಪಿದೆ. ನನ್ನ ಭುಜ ಅಂದೆ. "ಯಾವ ಭುಜ?" ಅಂದರು. ಬೆಲ್ಟು ಬಿಗಿದದ್ದು ಅಂದೆ. "ನಿನಗೆ ಏನೂ ಆಗಿರಲಿಲ್ಲವಲ್ಲೋ. ಇಡೀ ತುಕಡಿಯಲ್ಲಿ ಒಂದು ದಿನವೂ ಅಮ್ಮಾ ಅಪ್ಪಾ ಅನ್ನದವನು ನೀನೊಬ್ಬನೇ. ಎಲ್ಲರಿಗೂ ನಿನ್ನನ್ನೇ ತೋರಿಸುತ್ತಿದ್ದೆ" ಅಂದರು.

ಅವರ ಮಗಳು ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಏನು ಬೇಕೋ ಬರ್ಕೊಂಡು ಬನ್ನಿ ಅಣ್ಣ. ಅಪ್ಪ ಎಲ್ಲಿ ಹೇಳಿದರೆ ಅಲ್ಲಿ ಸಹಿ ಹಾಕ್ತಾರೆ. ಬ್ಯಾಂಕಿಗೂ ನಾನು ಹಂಗೇ ಮಾಡಿಸ್ತೀನಿ."

ಚಹಾ ಕುಡಿದು ಬಂದುಬಿಟ್ಟೆ. ನೆನಪಿಲ್ಲದ್ದಕ್ಕೆ ಸಹಿ ಹಾಕಿಸಲು ಕೈ ಬರಲಿಲ್ಲ. ನಿಮ್ಮಮ್ಮ ಬೈದಳು. ಬೈಯಲಿ.

ಇಂತಿ,
ಅಪ್ಪ


ಮಾರ್ಚ್ 10

ಅಪ್ಪ,

ಚೆನ್ನಾಗಿದೀನಿ. ಕೆಲಸ ಜಾಸ್ತಿ. ಬಂಡೆ ಪರೀಕ್ಷೆ ಒಂದು ಮುಗೀತು, ಪಾಸು. ಏಣಿ ಮೊದಲು, ನಾನು ಐದನೆಯವಳು. ಇನ್ನೂ ಮೇಲೆ ಬರಬೇಕು.

ಅಮ್ಮನ ಕೈ ಬಿಸಿನೀರಿಗೆ ಸುಟ್ಟದ್ದು ವಾಸಿಯಾಯಿತಾ?

ಆತುರದಲ್ಲಿ ಬರೀತಿದೀನಿ.

ಪುಟ್ಟಿ


ಮಾರ್ಚ್ 17

ಪುಟ್ಟೀ,

ನಿನ್ನ ಕಾಗದವನ್ನು ಕಿಟಕಿಯ ಹತ್ತಿರ ಹಿಡಿದು ನಾಲ್ಕು ಸಲ ನೋಡಿದೆ. ಓದಿದೆ ಅಂತ ಹೇಳುತ್ತಿಲ್ಲ, ನೋಡಿದೆ.

ನೀನು ತಲೆಕಟ್ಟನ್ನು ಚಿಕ್ಕಂದಿನಿಂದ ಮೇಲಕ್ಕೆ ಎತ್ತಿ ಬಿಡುವವಳು. ಇದರಲ್ಲಿ ಒಂದೊಂದೂ ಕೆಳಕ್ಕೆ ಬಿದ್ದಿದೆ. ಸೊನ್ನೆಗಳು ಮೊಟ್ಟೆಯಾಗಿವೆ. ಸಾಲು ಪೂರ್ತಿ ಮಸಿ ಒರೆಸಿಕೊಂಡು ಹೋಗಿದೆ. ಬಲಗೈಯಲ್ಲಿ ಬರೆಯುವವರ ಅಂಗೈ ಬರೆದ ಅಕ್ಷರವನ್ನು ಮುಟ್ಟೋದಿಲ್ಲ ಮಗಳೇ. ಇದು ಎಡಗೈ. ಇಪ್ಪತ್ತು ವರ್ಷ ಅಕ್ಷರ ಬಿಡಿಸಿ ಹೊಟ್ಟೆ ಹೊರೆದವನ ಹತ್ತಿರ ಆತುರ ಅಂತ ಹೇಳಬೇಡ.

ಬಲಗೈಗೆ ಏನಾಗಿದೆ? ಬೆರಳಾದರೆ ಬೆರಳು ಅಂತ ಬರಿ. ಭುಜವಾದರೆ ಈ ಕಾಗದ ಮಡಚುವ ಮೊದಲು ಎದ್ದು ಕ್ಯಾಂಪಿನ ಡಾಕ್ಟರ ಹತ್ತಿರ ಹೋಗು. ಹೋಗಿ, ಅವರು ಬರೆದುಕೊಳ್ಳುವ ತನಕ ಅಲ್ಲಿಂದ ಏಳಬೇಡ. ಯಾವ ದಿನ, ಎಷ್ಟು ಗಂಟೆ, ಯಾವ ಕೆಲಸ ಮಾಡುವಾಗ, ಎಲ್ಲ.

ನಿಮ್ಮಮ್ಮನಿಗೆ ಹೇಳಿಲ್ಲ. ಅವಳ ಕೈ ವಾಸಿಯಾಗಿದೆ, ಆಸ್ಪತ್ರೆಯ ಲಾಂಡ್ರಿಗೆ ವಾಪಸು ಹೋಗುತ್ತಿದ್ದಾಳೆ.

ಅಪ್ಪ


ಮಾರ್ಚ್ 26

ಅಪ್ಪ,

ನಿಮ್ಮಿಂದ ಮುಚ್ಚಿಡೋಕೆ ಆಗಲ್ಲ ಅಂತ ಗೊತ್ತಿದ್ದರೆ ಏಣಿ ಕೈಲಿ ಬರೆಸ್ತಿದ್ದೆ.

ಮೂರನೇ ತಾರೀಕು ಹಗ್ಗದ ಮೇಲೆ ಇದ್ದಾಗ ಕಾಲಡಿ ಕಲ್ಲು ಕಿತ್ತುಬಂತು. ಬೊಂಬೆಯ ಭಾರ ಪೂರ್ತಿ ಬಲಗೈ ಮೇಲೆ ಬಿತ್ತು. ಕೀಲು ತಪ್ಪಿತು. ಕೆಳಗೆ ಇಳಿದ ಮೇಲೆ ಏಣಿ ನನ್ನನ್ನ ಸಾಮಾನು ಕೋಣೆಗೆ ಕರಕೊಂಡು ಹೋಗಿ ನೆಲದ ಮೇಲೆ ಮಲಗಿಸಿ, ಕಾಲು ಕೊಟ್ಟು ಎಳೆದು ಕೂರಿಸಿದಳು. ಬಾಯಿಗೆ ಟವಲು ತುರುಕಿಕೊಂಡಿದ್ದೆ. ಆಮೇಲೆ ಎರಡು ಸಲ ತಪ್ಪಿದೆ. ಈಗ ಕೂರಿಸೋದು ಅವಳಿಗೂ ನನಗೂ ಅಭ್ಯಾಸ ಆಗಿದೆ.

ಇನ್ನು ಐದು ವಾರ, ಅಪ್ಪ. ಐದೇ ವಾರ. ಡಾಕ್ಟರ ಹತ್ತಿರ ಹೋದರೆ ಅವತ್ತೇ ಗಂಟುಮೂಟೆ ಕಟ್ಟಿಸ್ತಾರೆ. ಮುಂದಿನ ವರ್ಷ ನನಗಿಲ್ಲ. ಸೇನೆ ಸೇರಿ ಆರು ವರ್ಷದಿಂದ ಇದಕ್ಕೇ ಕಾದಿದೀನಿ. ಆಯ್ಕೆ ಆದ ಮೇಲೆ ಹೇಳ್ತೀನಿ, ಆಗ ಹೊರಗೆ ಹಾಕಲ್ಲ, ಚಿಕಿತ್ಸೆ ಕೊಡಿಸ್ತಾರೆ.

ನೀವೂ ಹೇಳಲಿಲ್ಲ. ಹನ್ನೊಂದು ದಿನ ನಡೆದಿರಿ. ದೊಡ್ಡಣ್ಣ ಎಲ್ಲರಿಗೂ ನಿಮ್ಮನ್ನೇ ತೋರಿಸಿದರು. ಅದನ್ನ ಓದಿದಾಗ ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ?

ಯಾರಿಗೂ ಹೇಳಬೇಡಿ. ನನ್ನ ಮೇಲೆ ಆಣೆ.

ಪುಟ್ಟಿ


ಏಪ್ರಿಲ್ 2

ಮಾನ್ಯ ತರಬೇತಿ ಅಧಿಕಾರಿಯವರಿಗೆ,

ಪರ್ವತ ರಕ್ಷಣಾ ತರಬೇತಿಯಲ್ಲಿರುವ ನನ್ನ ಮಗಳ ಬಲ ಭುಜದ ಕೀಲು ಮಾರ್ಚ್ ಮೂರರಂದು ಹಗ್ಗದ ಅಭ್ಯಾಸದ ವೇಳೆ ತಪ್ಪಿರುತ್ತದೆ. ನಂತರ ಮತ್ತೆ ಎರಡು ಬಾರಿ ತಪ್ಪಿರುತ್ತದೆ. ಅವಳು ವರದಿ ಮಾಡಿರುವುದಿಲ್ಲ. ದಯವಿಟ್ಟು ಕೂಡಲೇ ವೈದ್ಯಕೀಯ ತಪಾಸಣೆ ಮಾಡಿಸಿ, ಗಾಯವನ್ನು ಸೇವಾ ದಾಖಲೆಯಲ್ಲಿ ನಮೂದಿಸಬೇಕಾಗಿ ಕೋರುತ್ತೇನೆ.

ಇದುವರೆಗೆ ಅವಳ ಬೆನ್ನಿಗಿದ್ದದ್ದು ಮರಳಿನ ಬೊಂಬೆ. ಮುಂದೆ ಇರುವುದು ಮನುಷ್ಯರು. ನಾನೂ ಸೇನೆಯಲ್ಲಿದ್ದವನಾದ್ದರಿಂದ ಇದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಪತ್ರ ಬರೆದವನು ನಾನೆಂಬುದನ್ನು ಅವಳಿಂದ ಮುಚ್ಚಿಡುವ ಅಗತ್ಯವಿಲ್ಲ.

ತಮ್ಮ ವಿಶ್ವಾಸಿ,
ಅವಳ ತಂದೆ, ನಿವೃತ್ತ ಸೈನಿಕ


ಮೇ 1

ಅಮ್ಮ,

ಇದು ನಿನಗೆ ಮಾತ್ರ. ಅವರಿಗೆ ಓದಿ ಹೇಳಬೇಡ.

ಆಸ್ಪತ್ರೆಯಲ್ಲಿದೀನಿ. ಭುಜದ ಆಪರೇಷನ್ ಆಯಿತು. ಕೀಲಿನ ಅಂಚೇ ಸವೆದುಹೋಗಿತ್ತಂತೆ, ಮೂರು ಮೊಳೆ ಹಾಕಿದಾರೆ. ಇದನ್ನ ನರ್ಸ್ ಕೈಲಿ ಹೇಳಿ ಬರೆಸ್ತಿದೀನಿ.

ಏಪ್ರಿಲ್ ಹನ್ನೆರಡಕ್ಕೆ ನನ್ನನ್ನ ಎಲ್ಲರ ಮುಂದೆ ಸಾಲಿನಿಂದ ಹೊರಗೆ ಕರೆದರು. ಅಧಿಕಾರಿ ಕೈಯಲ್ಲಿ ಕಾಗದ ಹಿಡಿದಿದ್ದರು. ದೂರದಿಂದಲೇ ಅಕ್ಷರ ಗುರುತು ಸಿಕ್ಕಿತು. ಅಂಥ ಅಂದವಾದ ಅಕ್ಷರ ಬೇರೆ ಯಾರದಿರುತ್ತೆ?

ನನ್ನದು ಹೋಗಲಿ. ಕೀಲು ಕೂರಿಸಿದ್ದು ಯಾರು ಅಂತ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಏಣಿ ತಾನೇ ಮುಂದೆ ಬಂದು ನಿಂತಳು. ಗಾಯ ಮುಚ್ಚಿಟ್ಟದ್ದಕ್ಕೆ ಅವಳನ್ನೂ ಅವತ್ತೇ ತರಬೇತಿಯಿಂದ ತೆಗೆದರು. ಇಡೀ ತಂಡದಲ್ಲಿ ಮೊದಲಿದ್ದವಳು, ಅಮ್ಮ. ಬಸ್ಸು ಹತ್ತುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಕಾಗದ ಹಾಕಿದೀನಿ, ಉತ್ತರ ಇಲ್ಲ.

ಆಣೆ ಹಾಕಿದ್ದೆ. ಅವರಿಗೆ ಹೇಳು, ನನಗೆ ಬರೀಬೇಡಿ ಅಂತ.

ಪುಟ್ಟಿ


ಮೇ 24

ನನ್ನ ಪುಟ್ಟಮ್ಮಾ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಸರಿಮಾಡಿಕೊಂಡು ಓದಿಕೋ. ರಜ ಸಿಕ್ಕ ಕೂಡಲೇ ನಿನ್ನನ್ನು ನೋಡೋಕೆ ಬರ್ತೀನಿ.

ನಿಮ್ಮಪ್ಪನಿಗೆ ಹೇಳಿದೆ. ಹೂಂ ಅಂದರು. ಅವತ್ತಿನಿಂದ ನಿನ್ನ ವಿಷಯ ಕೇಳೋದಿಲ್ಲ, ಆದರೆ ಅಂಚೆಯವನ ಗಂಟೆ ಕೇಳಿದರೆ ಬ್ರಷ್ಷು ಕೆಳಗಿಟ್ಟು ಕೂತಿರ್ತಾರೆ.

ಹದಿನಾಲ್ಕಕ್ಕೆ ಅವರ ಮೇಲ್ಮನವಿಯ ವಿಚಾರಣೆ ಇತ್ತು. ನಾನೂ ಹೋಗಿದ್ದೆ. ಉದ್ದ ಮೇಜು, ಆ ಕಡೆ ಮೂವರು. ನಡುವೆ ಕೂತವರು ಮೆತ್ತಗೆ ಕೇಳಿದರು, "ಆವತ್ತು ನೀವು ಯಾಕೆ ಹೇಳಲಿಲ್ಲ?" ಇವರು, "ಹೇಳಿದ್ದರೆ ಹಿಂದೆ ಕಳಿಸಿಬಿಡ್ತಿದ್ದರು" ಅಂದರು. "ಅಂದರೆ ಬೇಕಂತಲೇ ಮುಚ್ಚಿಟ್ಟಿರಿ?" "ಹೌದು ಸಾರ್." ನಾನು ಮೊಣಕೈಯಲ್ಲಿ ತಿವಿದೆ. ಈ ಮನುಷ್ಯ ತಿರುಗಿ, "ಸುಮ್ಮನಿರೇ, ಒಂದು ಸಲವಾದರೂ ನಿಜ ಬರೆದುಕೊಳ್ಳಲಿ" ಅನ್ನೋದೇ! ಅವರು ಬರೆದುಕೊಂಡರು. ನಿನ್ನೆ ಉತ್ತರ ಬಂತು. ಗಾಯವನ್ನು ತಾನೇ ಮರೆಮಾಚಿದ್ದಾಗಿ ಅರ್ಜಿದಾರರು ಒಪ್ಪಿದ್ದಾರೆ, ಆದ್ದರಿಂದ ವಜಾ. ಸೇನೆಯಲ್ಲಿದ್ದಾಗ ಆ ಭುಜಕ್ಕೆ ಗಾಯ ಆಗಿತ್ತು ಅಂತ ಇಷ್ಟು ವರ್ಷಕ್ಕೆ ಸರ್ಕಾರ ಬರೆದ ಮೊದಲ ಮಾತು ಅದು. ಇನ್ನು ಮೇಲೆ ಹೋಗೋಕೆ ಕಚೇರಿ ಇಲ್ಲವಂತೆ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಅನ್ನ ಇಳಿಯಲ್ಲ. ಅವರು ನಿಮ್ಮ ಅಧಿಕಾರಿಗೆ ಕಾಗದ ಬರೆದದ್ದು ನನಗೆ ಗೊತ್ತಿತ್ತು. ಬರೆದು ಮೂರು ದಿನ ಮೇಜಿನ ಮೇಲೇ ಇಟ್ಟಿದ್ದರು. "ಆಣೆ ಹಾಕಿದ್ದಾಳೆ ಕಣೇ" ಅಂದರು. ಹರಿದು ಹಾಕ್ತಾರೇನೋ ಅಂತ ಅನ್ನಿಸಿತು. ನಾನು ಲಕೋಟೆಗೆ ಹಾಕಿ, ವಿಳಾಸ ಬರೆದು, ಕೆಲಸಕ್ಕೆ ಹೋಗ್ತಾ ಪೆಟ್ಟಿಗೆಗೆ ಹಾಕಿದೆ. ಅವರು ಇಷ್ಟು ವರ್ಷ ಭುಜ ಹಿಡಿದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗೋದನ್ನ ಪಕ್ಕದಲ್ಲಿ ಮಲಗಿ ನೋಡಿದವಳು ನಾನು. ಇನ್ನೊಂದು ಅಂಥದ್ದು ನನಗೆ ಬೇಡವಾಗಿತ್ತು.

ಸಿಟ್ಟು ಮಾಡೋದಾದರೆ ಇಬ್ಬರ ಮೇಲೂ ಮಾಡು. ಒಬ್ಬರ ಮೇಲೇ ಹಾಕಬೇಡ.

ನಿನ್ನ,
ಅಮ್ಮ


ಜುಲೈ 19

ಪುಟ್ಟೀ,

ಬರೆಯಬೇಡಿ ಅಂದಿದ್ದೀಯ. ಇದೊಂದು ಬರೆಯಲೇಬೇಕು. ಸೆಪ್ಟೆಂಬರಿನಲ್ಲಿ ನಿನ್ನ ಮೆಡಿಕಲ್ ಬೋರ್ಡು ಅಂತ ನಿಮ್ಮಮ್ಮ ಹೇಳಿದಳು.

ನಾನು ಯಾರಿಗೂ ಹೇಳದ ವಿಷಯ ಒಂದಿದೆ. ಈಗಿನ ಅರ್ಜಿಗೂ ಹಿಂದೆ ಮೊದಲ ಸಲ ಒಂದು ಅರ್ಜಿ ಹಾಕಿದ್ದಾಗ ನನ್ನನ್ನೂ ಪರೀಕ್ಷೆ ಮಾಡಿದರು. ಡಾಕ್ಟರು ನನ್ನ ಅರ್ಧ ವಯಸ್ಸಿನವನು, ಆದರೆ ದನಿಯಲ್ಲಿ ಹಳೇ ಹುಕುಂ ಇತ್ತು. "ಕೈ ಎತ್ತಿ" ಅಂದ. ನಾನು ಎತ್ತಿಬಿಟ್ಟೆ! ಮನೆಯಲ್ಲಿ ಬಾಚಣಿಗೆ ಎತ್ತಲಾಗದ ಕೈಯನ್ನು ಕಿವಿಯ ತನಕ ಎತ್ತಿ ಹಿಡಿದೆ. ಕಣ್ಣು ಕತ್ತಲಾಯಿತು, ಆದರೂ ಇಳಿಸಲಿಲ್ಲ. "ಪರವಾಗಿಲ್ಲ, ಚೆನ್ನಾಗಿದೆ" ಅಂತ ಬರೆದುಕೊಂಡ. ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿದೆ. ಅಷ್ಟಾದರೂ ಆ "ಚೆನ್ನಾಗಿದೆ" ಕೇಳಿ ಹೆಮ್ಮೆ ಆಗಿತ್ತು, ನೋಡು ಎಂಥ ಮೂಢ ನಿನ್ನಪ್ಪ.

ನೀನು ಹಾಗೆ ಮಾಡಬೇಡ. ನೋವು ಶುರುವಾದ ಕಡೆ ನಿಲ್ಲಿಸು. ಒಂದು ಬೆರಳೂ ಮೇಲೆ ಬೇಡ. "ಇನ್ನೂ ಸ್ವಲ್ಪ" ಅಂದರೆ ಆಗೋದಿಲ್ಲ ಅನ್ನು. ನಿನಗೆ ಆ ಮಾತು ಬಾಯಿಗೆ ಬರೋದಿಲ್ಲ ಅಂತ ಗೊತ್ತು, ಅದಕ್ಕೇ ಕನ್ನಡಿ ಮುಂದೆ ಹೇಳಿ ಅಭ್ಯಾಸ ಮಾಡಿಕೋ.

ಕ್ಷಮಿಸು ಅಂತ ಕೇಳೋದಿಲ್ಲ. ನಾಳೆ ಹಾಗೇ ಆದರೂ ನಾನು ಇದನ್ನೇ ಮಾಡುತ್ತೇನೆ. ಆದರೆ ಆ ಎತ್ತರದ ಹುಡುಗಿಯ ಯೋಚನೆ ನನಗೆ ಬರಲಿಲ್ಲ. ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದೊಂದು ನನ್ನನ್ನು ತಿನ್ನುತ್ತಿದೆ.

ಅಪ್ಪ


ಅಕ್ಟೋಬರ್ 5

ಅಪ್ಪ,

ಬಲಗೈಯಲ್ಲೇ ಬರೀತಿದೀನಿ. ಅರ್ಧ ಪುಟಕ್ಕೆ ಒಂದು ಸಲ ಕೈ ಇಳಿಸಿ ಕೂರಬೇಕು.

ಬೋರ್ಡು ಆಯಿತು. ಡಾಕ್ಟರು ಎರಡು ಸಲ "ಇನ್ನೂ ಸ್ವಲ್ಪ" ಅಂದರು, ಎರಡು ಸಲವೂ ಆಗಲ್ಲ ಅಂದೆ. ಹೇಳುವಾಗ ಮೈಯೆಲ್ಲ ಬೆತ್ತಲಾದ ಹಾಗಿತ್ತು. ಗಾಯ ಸೇವೆಯಲ್ಲೇ ಆದದ್ದು ಅಂತ ಒಪ್ಪಿದಾರೆ. ನೂರಕ್ಕೆ ಮೂವತ್ತು ಊನ, ಸೇವೆಗೆ ಅನರ್ಹ. ಪಿಂಚಣಿ, ಚಿಕಿತ್ಸೆ ಎರಡೂ ಸಿಗುತ್ತೆ. ಕಡತದಲ್ಲಿ ಮೊದಲ ಹಾಳೆಯೇ ನಿಮ್ಮ ಕಾಗದ, ನಂಬರು ಒಂದು ಅಂತ ಮುದ್ರೆ ಹಾಕಿದಾರೆ. ಅದಿಲ್ಲದಿದ್ದರೆ ಕಷ್ಟವಿತ್ತು ಅಂತ ಗುಮಾಸ್ತ ಹೇಳಿದ. ನಾನು ಅದಕ್ಕೆ ಥ್ಯಾಂಕ್ಸ್ ಹೇಳಲ್ಲ. ನನಗೆ ಬೇಕಿದ್ದದ್ದು ಬಂಡೆ. ಸಿಕ್ಕಿದ್ದು ಕಾಗದ.

ಏಣಿ ಇನ್ನೂ ಬರೆದಿಲ್ಲ. ಅವಳು ಸೇನೆಯನ್ನೇ ಬಿಟ್ಟಳು ಅಂತ ಯಾರೋ ಹೇಳಿದರು.

ಬಿಡುಗಡೆ ಆಗೋ ತನಕ ನನ್ನನ್ನ ಕ್ಯಾಂಪಿನ ಚಿಕಿತ್ಸಾಲಯದಲ್ಲಿ ಕೂರಿಸಿದಾರೆ. ಬಂದವರ ದೂರು ಕೇಳಿ ರಿಜಿಸ್ಟರಿನಲ್ಲಿ ಬರೆಯೋ ಕೆಲಸ. ಹೋದ ಮಂಗಳವಾರ ಹೊಸ ತಂಡದ ಹುಡುಗಿಯೊಬ್ಬಳು ಕುಂಟುತ್ತಾ ಬಂದಳು. ಬೂಟು ಬಿಚ್ಚಿದರೆ ಪಾದ ಊದಿ ನೇರಳೆ ಬಣ್ಣಕ್ಕೆ ತಿರುಗಿದೆ. "ನೋವಿನ ಮಾತ್ರೆ ಕೊಡಿ ಸಾಕು ಅಕ್ಕ, ಬರೀಬೇಡಿ. ಮುಂದಿನ ವಾರ ಓಟದ ಪರೀಕ್ಷೆ ಇದೆ" ಅಂದಳು. ಕೋಣೆಯಲ್ಲಿ ನಾವಿಬ್ಬರೇ. ಮಾತ್ರೆ ಕೈಗೆ ಎಟುಕೋ ಹಾಗೇ ಇತ್ತು. ಕೊಟ್ಟು ಕಳಿಸಬಹುದಿತ್ತು.

ಬರೆದೆ. ತಾರೀಕು, ಗಂಟೆ, ಯಾವ ಕೆಲಸ ಮಾಡುವಾಗ, ಎಲ್ಲ ಬರೆದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಬೂಟನ್ನ ಕೈಯಲ್ಲಿ ಹಿಡಿದುಕೊಂಡು ನನ್ನನ್ನ ನೋಡಿದಳು. ಅಪ್ಪ, ಅವಳು ನೋಡಿದ ಹಾಗೆ ನಿಮ್ಮನ್ನ ನೋಡಬೇಕು ಅಂತ ನಾನು ಆರು ತಿಂಗಳಿಂದ ಕಾದಿದೀನಿ. ಆ ನೋಟ ನನ್ನ ಮೇಲೆ ಬಿದ್ದಾಗ ಹೇಗಿರುತ್ತೆ ಅಂತ ಗೊತ್ತಿರಲಿಲ್ಲ.

ಹನ್ನೆರಡಕ್ಕೆ ಬಿಡುಗಡೆ. ಹದಿಮೂರರ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ನಿಲ್ದಾಣಕ್ಕೆ ಬರೋದಾದರೆ ಬನ್ನಿ. ಪೆಟ್ಟಿಗೆ ಭಾರ ಇದೆ, ನಮ್ಮಿಬ್ಬರ ಕೈಲೂ ಎತ್ತೋಕಾಗಲ್ಲ. ಅಮ್ಮನನ್ನೂ ಕರಕೊಂಡು ಬನ್ನಿ.

ಪುಟ್ಟಿ